ಚೌಳುನೆಲದ ಗಿಡ, ಗೌಡ್ತಿಯ ಹಿತ್ತಲು

ಹತ್ತಿರ ಬಾ ಕೂಸೇ. ಇನ್ನೂ ಹತ್ತಿರ. ಇದನ್ನ ನಾಳೆ ಬಾವಿಕಟ್ಟೇಲಿ ಬಾಯಿಬಿಟ್ಟೆಯೋ, ನಿಂಗೆ ಕತೇನೂ ಇಲ್ಲ, ಹುರಿಗಡಲೇನೂ ಇಲ್ಲ. ಈ ಕತೇಲಿ ಬರೋ ಗೌಡರ ವಂಶದೋರು ಇನ್ನೂ ಮೇಲಿನ ಬೀದೀಲೇ ಇದ್ದಾರೆ. ಅದಕ್ಕೇ ಒಂದಾನೊಂದು ಕಾಲದಲ್ಲಿ ಅಂತ ಇಟ್ಕೋ. ನಿಜವಾದ ಕಾಲ ಹೇಳಿದ್ರೆ ನನ್ ಮೇಲೆ ಜಗಳಕ್ಕೆ ಬರ್ತಾರೆ.

ಆ ಕಾಲದಲ್ಲಿ ಮರೀಗೌಡ ಅಂತ ಒಬ್ಬ ಗೌಡನಂತೆ, ಅವನಿಗೆ ನಿಂಗಾಜಮ್ಮ ಅಂತ ಹೆಂಡತಿ, ಮೂರು ಜನ ಸೊಸೇರು. ನಿಂಗಾಜಮ್ಮನ ಬಾಯಿ ಕೋಳಿಗಿಂತ ಮುಂಚೆ ಶುರುವಾದ್ರೆ ದೀಪ ಆರಿಸೋತನಕ ನಿಲ್ತಿರಲಿಲ್ಲವಂತೆ. ಊರಾಚೆ ಚೌಳುನೆಲ. ಬೆಳ್ಳಗೆ ಉಪ್ಪೆದ್ದ ನೆಲ ಕಣೇ, ಹುಲ್ಲುಕಡ್ಡೀನೂ ಹುಟ್ಟಲ್ಲ. ಅಲ್ಲಿ ಮಡಿವಾಳರ ಹೊನ್ನೀರಮ್ಮ, ಗಂಡ ಸತ್ತೋಳು, ಗುಡಿಸಲು ಹಾಕ್ಕೊಂಡು, ಆ ಬಿಳಿಮಣ್ಣು ಕೆರೆದು ಅದರಲ್ಲೇ ಊರ ಬಟ್ಟೆ ಬೇಯಿಸಿ ಒಗೀತಿದ್ಲಂತೆ. ಆ ನೆಲದಲ್ಲಿ ಒಂದೇ ಜಾತಿ ಗಿಡ ಬರ್ತಿತ್ತಂತೆ. ಗೇಣುದ್ದ, ದಪ್ಪ ಎಲೆ, ಸಾಸಿವೆಯಷ್ಟು ನೀಲಿ ಹೂವು. ಏಳೂರು ಹುಡುಕಿದ್ರೂ ಇನ್ನೆಲ್ಲೂ ಇಲ್ಲ.

ಆಮೇಲೆ ಗೌಡನಿಗೆ ಜ್ವರ ಬಂದು ನಾಲಿಗೆ ಕೆಟ್ಟೋಯ್ತಂತೆ. ಏನುಂಡರೂ ಬೂದಿ ತಿಂದಂಗೆ. ಆ ಗಿಡದ ಎಲೆ ಹಾಕಿದ ಸಾರು ಮಾತ್ರ ಸೇರೋದು. ಸೊಪ್ಪು ತರ್ತೀನಿ ಅಂತ ಬೆಳಗ್ಗೆ ಹೋದೋನು ದನ ಕೊಟ್ಟಿಗೆಗೆ ಬರೋ ಹೊತ್ತಿಗೆ ಬರೋನಂತೆ. ಹಿಡಿ ಸೊಪ್ಪು ಕೊಯ್ಯೋಕೆ ಎಷ್ಟು ಹೊತ್ತು ಬೇಕು, ನೀನೇ ಹೇಳು! ಊರಿಗೆ ಊರೇ ಸೆರಗು ಬಾಯಿಗಿಟ್ಕೊಂಡು ನಕ್ಕಿತಂತೆ.

ನಿಂಗಾಜಮ್ಮ ಸೊಸೇರನ್ನ ಸಾಲಾಗಿ ನಿಲ್ಲಿಸಿ, ಆ ಗಿಡಾನ ನಮ್ಮ ಹಿತ್ತಲಲ್ಲಿ ಹತ್ತಿಸಿದೋಳಿಗೆ ಮನೆ ಬೀಗದಕೈ ಗೊಂಚಲು, ಯುಗಾದಿ ಒಳಗೆ ಆಗದಿದ್ರೆ ನಾನು ತೌರಿಗೆ ಹೊರಟೆ ಅಂದ್ಲಂತೆ. ಅರವತ್ತು ವರ್ಷ ವಯಸ್ಸು, ತೌರಲ್ಲಿ ಬಾಗಿಲು ತೆಗೆಯೋರೂ ಇಲ್ಲ, ಆ ಪುಣ್ಯಾತ್ಗಿತ್ತಿಗೆ ಹಠ ನೋಡು!

ಹಿರೀಸೊಸೆ ಗಿಡ ಕಿತ್ತು ತಂದು ಬುಟ್ಟಿಗಟ್ಲೆ ಸಗಣಿಗೊಬ್ಬರ ಸುರಿದಳಂತೆ. ಮೂರೇ ದಿನಕ್ಕೆ ಸುಟ್ಟೋಯ್ತು. ನಡುಸೊಸೆ ತುಳಸಿಕಟ್ಟೆ ಪಕ್ಕ ನೆಟ್ಟು, ಹೊತ್ತೊತ್ತಿಗೆ ಸಿಹಿನೀರು, ಮೇಲೊಂದು ಲೋಟ ಹಾಲು. ಕೊಳೆತು ನಾರಿತು. ಕಿರೀಸೊಸೆ ಬೋರಮ್ಮನ್ನ ಎಲ್ಲರೂ ಪೆದ್ದಿ ಅಂತಿದ್ರು. ಅವಳು ಚೌಳುಮಣ್ಣನ್ನೇ ಮಂಕರಿ ಮಂಕರಿ ಹೊತ್ತು ತಂದು, ಅದರಲ್ಲಿ ನೆಟ್ಟು, ಸುಮ್ಮನೆ ಬಿಟ್ಟಳಂತೆ. ಆಮೇಲೆ ಎರಡೆಲೆ ಬಿಡ್ತು. ಅಷ್ಟರಲ್ಲಿ ನಿಂಗಾಜಮ್ಮ ಬಂದು, ಗುಡಿಸಿದ ಹಿತ್ತಲಿಗೆ ಯಾವಳೇ ಈ ಹೊಲಸು ಸುರಿದೋಳು ಅಂತ ನಾಲ್ಕು ಕೊಡ ನೀರು ಹುಯ್ದು ತೊಳೆದೇಬಿಟ್ಟಳಂತೆ! ನಿದ್ದೆ ಮಾಡ್ಬೇಡ, ಇಲ್ಲೇ ಇರೋದು ಕತೆ. ಬೋರಮ್ಮ, ಅತ್ತೆಮ್ಮಾ, ಬದುಕಿದ್ದನ್ನೂ ತೊಳೆದ್ರಲ್ಲ, ಇನ್ನು ನೀವೇ ಹೋಗಿ ತನ್ನಿ ಅಂತ ಖಾಲಿ ಮಂಕರಿ ಕೈಗಿಟ್ಟಳಂತೆ.

ನಿಂಗಾಜಮ್ಮ ಮಂಕರಿ ಎಸೆದು ಚೌಳಿಗೆ ನುಗ್ಗಿದ್ಲು, ಇವತ್ತು ಇಬ್ಬರನ್ನೂ ಹಿಡೀತೀನಿ ಅಂತ. ನೋಡಿದ್ರೆ ಗೌಡ ಒಬ್ಬನೇ! ಮೊಣಕೈತನಕ ಬೆಳ್ಳಗೆ ಮಾಡ್ಕೊಂಡು, ಒಂದೊಂದು ಗಿಡದ ಸುತ್ತ ಗೇಣು ಜಾಗ ಬಿಟ್ಟು ಬಟ್ಟೆ ಒಗೆಯೋ ಬಿಳಿಮಣ್ಣು ಕೆರೀತಾ, ತನ್ನಷ್ಟಕ್ಕೆ ಪದ ಹೇಳ್ಕೊಂಡು ಕೂತಿದ್ದಾನೆ. ಹೊನ್ನೀರಮ್ಮ ಆಗ ತಾನೇ ಕೆರೆಯಿಂದ ಕತ್ತೆ ಮೇಲೆ ಬಟ್ಟೆ ಹೇರ್ಕೊಂಡು ಬರ್ತಿದ್ಲಂತೆ. ನನ್ ಗಂಡನಿಗೆ ಏನ್ ಮದ್ದು ಹಾಕಿದ್ಯೇ ಅಂತ ನಿಂಗಾಜಮ್ಮ ಕಿರುಚಿದ್ಲು. ಹೊನ್ನೀರಮ್ಮ ಒಂದೇ ಮಾತಂದ್ಲು, ನಿಂಗಾಜಮ್ಮನ ಬಾಯಿ ಅಲ್ಲೇ ಮುಚ್ಚಿಹೋಯ್ತು.

ಆಮೇಲೆ ಬೀಗದಕೈ ಬೋರಮ್ಮನ ಸೊಂಟಕ್ಕೆ ಬಂತು. ಮುದುಕ ಮುದುಕಿ ದಿನಾ ಜೊತೇಲೇ ಸೊಪ್ಪಿಗೆ ಹೋಗಿ, ಮಾತಿಲ್ಲದೆ ಕೂತಿದ್ದು, ಮನೆಗೆ ಬಂದು ಬಿಸಿ ಸಾರುಂಡು ಸುಖವಾಗಿದ್ರಂತೆ. ಅಲ್ಲಿಗೆ ಕತೆ ಮಲಗ್ತು, ನೀನೂ ಮಲಕ್ಕೋ.

ಅಯ್ಯೋ, ಏನಂದ್ಲು ಅಂತ ಹೇಳದಿದ್ರೆ ಬಿಡಲ್ವಲ್ಲ ನೀನು! ಕೇಳು. ಕತ್ತೆ ಮೇಲಿನ ಗಂಟು ಇಳಿಸ್ತಾ, ಮುಖಕ್ಕೆ ಮುಖ ಕೊಟ್ಟು ಅಂದ್ಲಂತೆ: ಗೌಡ್ತಮ್ಮಾ, ನಾನ್ಯಾವ ಮದ್ದೂ ಹಾಕಿಲ್ಲ. ಈ ಸುಡುಗಾಡು ನೆಲದಲ್ಲಿ ಚೆನ್ನಾಗಿರೋದು ಎರಡೇ, ಈ ಗಿಡ ಒಂದು, ನಿಮ್ಮ ಗೌಡರೊಬ್ಬರು. ಯಾಕೆ ಗೊತ್ತಾ? ಎರಡಕ್ಕೂ ಇಲ್ಲಿ ಯಾರೂ ಏನೂ ಅನ್ನಲ್ಲ.