ಬರದಂಗ ನಡೆದ ನತ್ಯಾ

ಸರದು ಕುಂದರ್ರಿ. ನಡುವ ಬಾಯಿ ಹಾಕಬ್ಯಾಡ್ರಿ. ನಗೂದಿದ್ರ ಕಡೀಗೆ ಒಮ್ಮೆ ನಕ್ಕುಬಿಡ್ರಿ.

ಗದಗ ಸೀಮಿಯೊಳಗ ಒಂದು ಮಿಷನ್ ಓಣಿ. ಆ ಓಣ್ಯಾಗ ಸಲೋಮವ್ವ ಅಂತ ಒಬ್ಬಾಕಿ. ಗಂಡ ತೀರಿಕೊಂಡು ಭಾಳ ವರ್ಷ ಆಗಿತ್ತು, ಇದ್ದಾಂವ ಒಬ್ಬನ ಮಗ. ದೀಕ್ಷಾಸ್ನಾನದಾಗ ಇಟ್ಟ ಹೆಸರು ನತಾನಿಯೇಲ. ಓಣಿಯವರು ಕರಿಯೂದು ನತ್ಯಾ. ಹಿಟ್ಟಿನ ಗಿರಣ್ಯಾಗ ಕೆಲಸ. ಮೈಯಾಗ ಎರಡಾಳಿನ ಶಕ್ತಿ, ತಲ್ಯಾಗ ಬರೇ ಹಿಟ್ಟು.

ಪೆದ್ದ ಅಂದ್ರ ಎಂಥಾ ಪೆದ್ದ? "ಹಾಲು ಉಕ್ಕತಾವ, ನೋಡ್ಕೋ" ಅಂದ್ರ ಒಲಿ ಮುಂದ ಕುಂತು ನೋಡಾಂವ. ಹಾಲು ಉಕ್ಕಿ, ಒಲಿ ಆರಿ, ಬೂದಿ ಹಾರಿದ ಮ್ಯಾಲೆ ಕೂಗಾಂವ, "ಯವ್ವಾ, ಉಕ್ಕಿದ್ದು ನೋಡ್ದೆ! ಛಲೋ ಉಕ್ಕಿದ್ವು!" ಅಂಥಾ ಪೆದ್ದ.

ಇಪ್ಪತ್ತೆಂಟು ತುಂಬಿದ್ರೂ ಮದಿವಿ ಇಲ್ಲ. ಸಲೋಮವ್ವಗ ಅದ ಚಿಂತಿ. "ನಾ ಕಣ್ಣು ಮುಚ್ಚಿದ್ರ ಇವಂಗ ಒಂದು ರೊಟ್ಟಿ ಬಡದು ಹಾಕೋರು ಯಾರು? ಬೈದು ಬುದ್ಧಿ ಹೇಳೋರು ಯಾರು?" ಅಂತ ಕಂಡಕಂಡವರ ಮುಂದ ಅಳಾಕಿ.

ಕಡೀಗೊಂದು ಹೆಣ್ಣಿನ ಸುದ್ದಿ ಬಂತು. ಬಾಜೂ ಊರಾಗ ಕಂಪೌಂಡರ್ ಎಲೀಯಪ್ಪ ಅಂತ ಒಬ್ಬಾಂವ, ಅವನ ಮಗಳು ತಬೀತಾ. ಹೊಲಿಗಿ ಕೆಲಸ ಮಾಡಾಕಿ, ಆದ್ರ ಆಕಿ ಕತ್ರಿಗಿಂತ ನಾಲಿಗಿ ಹರಿತ. ಏಳು ವರ ಬಂದಿದ್ರು, ಏಳೂ ಮಂದೀನ ಬಂದ ದಾರಿಗೆ ಹಚ್ಚಿದ್ಲು. ಎಲೀಯಪ್ಪ ಸಲೋಮವ್ವಗ ಒಂದ ಮಾತು ಹೇಳಿದ, "ನನಗ ಹೊಲ ಬ್ಯಾಡ, ಬಂಗಾರ ಬ್ಯಾಡ. ಸತ್ಯವೇದದಾಗ ಬರದಂಗ ನಡಿಯೋ ಹುಡುಗ ಬೇಕು ನೋಡವ್ವ."

"ನನ್ನ ಮಗ ಬರದಿದ್ದರಾಗ ಒಂದು ಅಕ್ಷರ ದಾಟೂದಿಲ್ರಿ!" ಅಂದುಬಿಟ್ಲು ಸಲೋಮವ್ವ. ಬಾಯಿಂದ ಹೋದ ಮಾತು, ಹೋತು.

ಮನಿಗೆ ಬಂದಾಕೀನ ಮಗನ ಕಿವಿ ಹಿಡಕೊಂಡ್ಲು. "ಏ ನತ್ಯಾ, ಇನ್ನ ಮ್ಯಾಲೆ ಚರ್ಚಿನ್ಯಾಗ ಅಯ್ನೋರು ಏನು ಓದಿ ಹೇಳ್ತಾರೋ, ಹಂಗ ನಡೀಬೇಕು. ನಿನ್ನ ಮದಿವಿ ಅದರ ಮ್ಯಾಲೆ ನಿಂತೈತಿ. ತಿಳೀತೇನು?"

"ತಿಳೀತು ಯವ್ವಾ."

ಏನು ತಿಳೀತೋ ದೇವರಿಗೇ ಗೊತ್ತು!

ಆ ರವಿವಾರ ಯೆಶಾಯಪ್ಪ ಅಯ್ನೋರು, ಅಂದ್ರ ನಮ್ಮ ಸಭಾಪಾಲಕರು, ಪ್ರಸಂಗದಾಗ ಹೇಳಿದ್ರು: ಯಾರರ ನಿನ್ನ ಅಂಗಿ ಕೇಳಿದ್ರ ಅಷ್ಟಕ್ಕ ನಿಲ್ಲಬ್ಯಾಡ, ಇನ್ನೊಂದು ಅರಿವೀನೂ ಕೊಟ್ಟುಬಿಡು. ನತ್ಯಾ ಹೂಂ ಅಂತ ಗೋಣು ಹಾಕಿದ.

ಸೋಮವಾರ ಕಟಿಂಗ್ ಮಾಡಿಸಾಕ ಹನಮಂತನ ಅಂಗಡಿಗೆ ಹೋದ. ಅರ್ಧ ತಲಿ ಆಗಿತ್ತು. ಹನಮಂತ ಅಂದ, "ನತ್ಯಾ, ಅಂಗಿ ತಗದು ಕೊಡೋ, ಕೂದಲಾ ಬೀಳ್ತಾವ."

ಕೇಳೇಬಿಟ್ಟ! ಅಂಗಿ ಕೇಳೇಬಿಟ್ಟ! ನತ್ಯಾ ಎದ್ದು ನಿಂತು ಅಂಗಿ ತಗದು ಕೊಟ್ಟ. ಆಮ್ಯಾಲೆ ಪ್ಯಾಂಟೂ ತಗದು ಕೊಟ್ಟ.

"ಏ ಏ! ಪ್ಯಾಂಟಿನ್ಯಾಗ ಏನು ಕಟಿಂಗ್ ಐತಿ?" ಅಂತ ಹನಮಂತ ಕೂಗಿದ.

"ನೀ ಇಟ್ಕೋ ಅಣ್ಣಾ, ಬರದೈತಿ!" ಅಂದ ನತ್ಯಾ. ಅರ್ಧ ತಲಿ ಬೋಳು, ಅರ್ಧ ತಲಿ ಕೂದಲಾ, ಮೈಮ್ಯಾಲೆ ಒಂದು ಚಡ್ಡಿ. ಹಂಗ ನಟ್ಟನಡು ಬಜಾರದಾಗ ಹಾದು ಮನಿಗೆ ಬಂದ.

ಸಲೋಮವ್ವ ಸೆರಗಿಲೆ ಮುಖಾ ಮುಚ್ಚಿಕೊಂಡ್ಲು. "ಅಯ್ಯ ನನ್ನ ಹಣೇಬರಾನ! ದಾನ ಅಂದ್ರ ಹಿಂಗ ಊರಿಗೆಲ್ಲಾ ತೋರಿಸ್ಕೊಂತ ಮಾಡೂದೇನೋ? ಗುಟ್ಟಾಗಿ ಮಾಡಬೇಕು! ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಬರದೈತಿ. ತಿಳೀತೇನು?"

"ತಿಳೀತು ಯವ್ವಾ."

ಮೂರು ದಿನದ ಮ್ಯಾಲೆ ಅದ ಓಣಿಯ ಅಬ್ರಾಹಾಂ ಮಾಸ್ತರಿಗೆ ಜ್ವರ ಬಂದಾವ ಅಂತ ಸುದ್ದಿ ಬಂತು. ಸಲೋಮವ್ವ ಒಂದು ಚರಗಿ ಕೋಳಿ ಸಾರು ಮಾಡಿ, "ಮಾಸ್ತರಿಗೆ ಕೊಟ್ಟು ಬಾ, ಬಿಸಿ ಆರಬಾರದು ನೋಡು" ಅಂದ್ಲು.

ನತ್ಯಾ ಓಣಿ ಮೂಲ್ಯಾಗ ನಿಂತು ವಿಚಾರ ಮಾಡಿದ. ಗುಟ್ಟಾಗಿ ಕೊಡಬೇಕು. ಎಡಗೈಗೆ ಗೊತ್ತಾಗಬಾರದು. ಒಂದು ಹಗ್ಗ ತಗೊಂಡು ಎಡಗೈ ಬೆನ್ನಿಗೆ ಕಟ್ಟಿಕೊಂಡ. ಬಾಗಲಾಕ ಹೋದ್ರ ಮಂದಿ ನೋಡ್ತಾರ, ಅದಕ್ಕ ಮಾಳಗಿ ಮ್ಯಾಲೆ ಹತ್ತಿದ. ಮಾಳಗ್ಯಾಗ ಬೆಳಕಿಂಡಿ. ಬೆಳಕಿಂಡಿ ಕೆಳಗ ಹಾಸಿಗಿ. ಹಾಸಿಗಿ ಮ್ಯಾಲೆ ಮಾಸ್ತರು, ಅಂಗಾತ.

ಎರಡು ಕೈ ಇದ್ದಿದ್ರ ಚರಗಿ ಇಳಿಸಬಹುದಾಗಿತ್ತು. ಇದ್ದದ್ದು ಒಂದ ಕೈ.

"ಸತ್ನೆಪ್ಪೋ!" ಅಂತ ಮಾಸ್ತರು ಒದರಿದ್ರು. ಬಿಸಿ ಸಾರು ಹೊಟ್ಟಿ ಮ್ಯಾಲೆ, ಕೋಳಿ ಕಾಲು ಗಡ್ಡದಾಗ. ಓಣಿ ಮಂದಿ ಬಡಗಿ ಹಿಡಕೊಂಡು ಓಡಿ ಬಂದು, ಮಾಳಗಿ ಮ್ಯಾಲಿಂದ ಕಳ್ಳನ್ನ ಎಳದು ಇಳಿಸಿ ಬಡದ್ರು. ನೋಡಿದ್ರ ನತ್ಯಾ! ಬೆನ್ನಿಗೆ ಕೈ ಕಟ್ಟಿಕೊಂಡ ಕಳ್ಳನ್ನ ಅವರು ಅವತ್ತ ಮೊದಲ ನೋಡಿದ್ದು.

"ಎಡಗೈಗೆ ಇನ್ನೂ ಗೊತ್ತಿಲ್ಲ ಯವ್ವಾ," ಅಂದ ಮಗ ಮನಿಗೆ ಬಂದು, ಮೈಯೆಲ್ಲಾ ಬಾಸುಂಡಿ.

ಸಲೋಮವ್ವ ಮಗನ ಬೆನ್ನು ನೋಡಿ, ಅರಿಷಿಣ ಹಚ್ಚಿಕೋತ ಬೈದ್ಲು, ಬೈಕೋತ ಅತ್ಲು. "ಕಳ್ಳನಂಗ ಮಾಳಗಿ ಹತ್ತೂದೇನೋ ಖೋಡಿ! ಬಾಗಲಾ ಇಲ್ಲೇನು ಮನಿಗೆ? ಬಾಗಲಾ ಬಡೀಬೇಕು. ತಗಿಯೋತನಕಾ ಬಡೀಬೇಕು. ಬಡದವರಿಗೆ ತೆರೀತೈತಿ ಅಂತ ಬರದೈತಿ. ತಿಳೀತೇನು?"

"ತಿಳೀತು ಯವ್ವಾ, ತಗಿಯೋತನಕಾ ಬಡೀತೀನಿ."

ಇಷ್ಟರಾಗ ಎಲೀಯಪ್ಪನ ಊರಿಗೆ ಸುದ್ದಿ ಮುಟ್ಟಿತ್ತು. ಸುದ್ದಿ ಬಸ್ ಹತ್ತಿದ ಮ್ಯಾಲೆ ಬಣ್ಣಾ ಬದಲಿ ಮಾಡ್ತೈತಿ ನೋಡ್ರಿ. ಸಲೋಮವ್ವನ ಮಗ ಉಟ್ಟ ಅರಿವಿ ದಾನ ಮಾಡಿದ, ಬ್ಯಾನ್ಯಾಗಿದ್ದ ಮಾಸ್ತರಿಗೆ ಗುಟ್ಟಾಗಿ ಊಟಾ ಒಯ್ದ ಅಂತ ಆಗಿತ್ತು. ಎಲೀಯಪ್ಪ ಖುಷಿಲೆ ಹೇಳಿ ಕಳಿಸಿದ, "ಒಂದು ದಿನಾ ಗೊತ್ತು ಮಾಡ್ರಿ, ನಿಶ್ಚಯಕ್ಕ ಬರ್ತೀವಿ."

ಸಲೋಮವ್ವ ಕುಣಿಯೂದೊಂದು ಬಾಕಿ. "ನತ್ಯಾ, ಬಸ್ಸಿಗೆ ಹೋಗು, ಬರೂ ಶನಿವಾರ ಊಟಕ್ಕ ಬರ್ರಿ ಅಂತ ಹೇಳು, ತಿರುಗಿ ಬಾ. ಅಷ್ಟ! ಮತ್ತೇನೂ ಮಾಡಬ್ಯಾಡ!"

ಹೋದ ಮಗ ಸಂಜಿ ಆದ್ರೂ ಬರಲಿಲ್ಲ. ದೀಪಾ ಹಚ್ಚೂ ಹೊತ್ತಿಗೆ ಬಂದ, ಬೆನ್ನು ಹಿಡಕೊಂಡು.

"ಹೇಳ್ದೇನು?"

"ಹೇಳ್ದೆ ಯವ್ವಾ."

"ಮತ್ತ್ಯಾಕ ಇಷ್ಟ ತಡಾ?"

"ಬಾಗಲಾ ಬಡದೆ. ತಗೀಲಿಲ್ಲ. ಮತ್ತ ಬಡದೆ. ಬಾಜೂದವರು ಬಂದು, ಬೀಗಾ ಹಾಕೇತೋ, ಎಲ್ಲಾರೂ ಪ್ರಾರ್ಥನಾಕ ಹೋಗ್ಯಾರೋ ಅಂದ್ರು. ನಾ ಅಂದೆ, ಬಡದವರಿಗೆ ತೆರೀತೈತಿ. ಮಧ್ಯಾಹ್ನದ ಮಟಾ ಬಡದೆ. ತೆರೀತು!"

"ಬೀಗಾ ಹಾಕಿದ್ದು ಹೆಂಗ ತೆರೀತೋ?"

"ಚೌಕಟ್ಟು ಸುದ್ದಾ ಒಳಗ ಬಿತ್ತು ಯವ್ವಾ."

ಸಲೋಮವ್ವ ಅಲ್ಲೇ ಕುಸದು ಕುಂತ್ಲು.

"ತೆರದ ಮನಿ ಬಿಟ್ಟು ಹೆಂಗ ಬರ್ಲಿ? ಬಾಗಲಾ ಎತ್ತಿ ನಿಂದರಿಸಿ, ಅವರು ಬರೂತನಕಾ ಬೆನ್ನು ಕೊಟ್ಟು ನಿಂತೆ. ಎಲೀಯಪ್ಪಾರು ಬಂದು, ಯಾವನಲೇ ಮುರದಾಂವ ಅಂತ ಒದರಿದ್ರು. ನಾನ ಮುರದೆ, ಶನಿವಾರ ಊಟಕ್ಕ ಬರ್ರಿ ಅಂದೆ. ಆ ಹುಡುಗಿ ಹೊಟ್ಟಿ ಹಿಡಕೊಂಡು ನಕ್ಕಳು ಯವ್ವಾ, ನಕ್ಕಳು."

"ಎಲೀಯಪ್ಪ ಏನಂದ?"

"ಶನಿವಾರ ಬರ್ತೀನಿ, ಉಂಡು ನೋಡ್ತೀನಿ, ಹೌದೋ ಅಲ್ಲೋ ಅವತ್ತ ಹೇಳ್ತೀನಿ ಅಂದ್ರು."

ಇನ್ನೇನು ಉಳೀತು? ಒಂದ ಊಟ. ಆ ಊಟ ಸುಸೂತ್ರ ಆದ್ರ ಮಗಂಗ ಮನಿ, ಇಲ್ಲಾಂದ್ರ ಜನ್ಮಪೂರ್ತಿ ಹಿಂಗ. ಸಲೋಮವ್ವ ರವಿವಾರ ಚರ್ಚಿನ್ಯಾಗ ಕುಂತ್ರೂ ಮನಸೆಲ್ಲಾ ಹುಗ್ಗ್ಯಾಗ. ಗೋಧಿ ಎಷ್ಟು, ಬೆಲ್ಲ ಎಷ್ಟು, ಮಾಂಸ ಎಷ್ಟು? ಪ್ರಸಂಗದಾಗ ಒಂದು ಮಾತೂ ಆಕಿ ಕಿವೀಗೆ ಬೀಳಲಿಲ್ಲ.

ನತ್ಯಾ ಮಾತ್ರ ಬಾಯಿ ತಗದು ಕೇಳಿದ. ಅಯ್ನೋರು ಅವತ್ತ ಹೇಳಿದ್ದು ಊಟದ ವಿಷಯಾನ! ಊಟಾ ಹಾಕಿದ್ರ ಬಂಧು ಬಳಗ, ಇದ್ದುಳ್ಳವರನ್ನ ಕರೀಬ್ಯಾಡ, ಅವರು ನಿನ್ನ ತಿರುಗಿ ಕರೀತಾರ, ಲೆಕ್ಕ ಅಲ್ಲಿಗೆ ಮುಗೀತು. ಬಡವರನ್ನ, ಊನ ಇದ್ದವರನ್ನ, ಕುಂಟರನ್ನ, ಕುರುಡರನ್ನ ಕರಿ. ಕೂಡ್ರೂ ಹೊತ್ತಿಗೆ ನೀ ಎಲ್ಲಾರಿಗಿಂತ ಕಡೀಗೆ ಕೂಡ್ರು.

ಶನಿವಾರ ಬಂತು. ಸಲೋಮವ್ವ ಹಿತ್ತಲದಾಗ ಮೂರು ಒಲಿ ಹೂಡಿ ಹೊಗ್ಯಾಗ ನಿಂತಿದ್ಲು.

"ಯವ್ವಾ, ಯಾರನ್ನ ಒಳಗ ಬಿಡ್ಲಿ?"

"ಅಯ್ನೋರು ಹೇಳ್ಯಾರಲ್ಲೋ! ಹಂಗ ಮಾಡು! ನನ್ನ ತಲಿ ತಿನ್ನಬ್ಯಾಡ!"

ನತ್ಯಾ ಬಸ್ ಸ್ಟ್ಯಾಂಡಿಗೆ ಹೋದ. ಪೇಟಿ ಬಾರಿಸೋ ಕುರುಡಜ್ಜನ್ನ ಕರಕೊಂಡ ಬಂದ. ಚಪ್ಪಲಿ ಹೊಲಿಯೋ ಕುಂಟ ಫಕೀರಪ್ಪನ್ನ ಹೆಗಲ ಮ್ಯಾಲೆ ಹೊತಗೊಂಡ ಬಂದ. ಇನ್ನೂ ಒಂದೆಂಟು ಮಂದಿ ಬಡವರು ಬೆನ್ನು ಹತ್ತಿದ್ರು. ಎಲ್ಲಾರನ್ನೂ ಪಡಸಾಲ್ಯಾಗ ಸಾಲಾಗಿ ಕುಂದರಿಸಿ, ಬಾಗಲದಾಗ ಬಂದು ಗಟ್ಟಿ ನಿಂತ.

ಎಲೀಯಪ್ಪ ಬಂದ, ಅವನ ಮುದುಕಿ ತಾಯಿ ಬಂದ್ಲು, ತಬೀತಾ ಬಂದ್ಲು. ಜೋಡಿ ಯೆಶಾಯಪ್ಪ ಅಯ್ನೋರು. ನತ್ಯಾ ಕೈ ಅಡ್ಡ ಹಾಕಿದ.

"ನೀವು ಕುಂಟರೇನ್ರಿ?"

"ಯಾರು, ನಾನ?" ಅಂದ ಎಲೀಯಪ್ಪ.

"ಕುರುಡರೇನ್ರಿ?"

"ಏ, ನಾ ಹೆಣ್ಣಿನ ಅಪ್ಪ ಅದೀನೋ!"

"ನೀವು ನಮ್ಮನ್ನ ತಿರುಗಿ ಊಟಕ್ಕ ಕರೀತೀರೇನ್ರಿ?"

"ಕರೀತೀನಿ ಮತ್ತ! ಬೀಗರಂದ ಮ್ಯಾಲೆ ಕರೀದ ಬಿಡ್ತೀನೇನು?"

"ಹಂಗಾರ ಬ್ಯಾಡ್ರಿ. ಒಳಗ ಬಿಡಾಕ ಬರೂದಿಲ್ಲ."

ಗದ್ದಲಾ ಕೇಳಿ ಸಲೋಮವ್ವ ಸೌಟು ಹಿಡಕೊಂಡ ಓಡಿ ಬಂದ್ಲು. ಪಡಸಾಲಿ ನೋಡಿದ್ಲು, ಬಾಗಲಾ ನೋಡಿದ್ಲು. "ಬಿಡೋ ಒಳಗ! ಅಯ್ಯೋ ಬಿಡೋ!"

"ನೀನ ಅಂದೀಯಲ್ಲ ಯವ್ವಾ, ಅಯ್ನೋರು ಹೇಳಿದಂಗ ಮಾಡು ಅಂತ."

ಎಲ್ಲಾರೂ ಅಯ್ನೋರ ಕಡೆ ತಿರುಗಿದ್ರು. ಅಯ್ನೋರು ಕೆಮ್ಮಿದ್ರು. "ನತಾನಿಯೇಲ, ಅದರ ಅರ್ಥ ಸ್ವಲ್ಪ ಬ್ಯಾರೆ ಐತಪಾ."

"ರವಿವಾರ ಬ್ಯಾರೆ ಅರ್ಥ ಹೇಳಲಿಲ್ಲಲ್ರಿ!"

ಅಯ್ನೋರು ಮತ್ತ ಕೆಮ್ಮಿದ್ರು. ಅಷ್ಟರಾಗ ಮುದುಕಿ ಮುಂದ ಬಂದು, "ಏ ತಮ್ಮಾ, ನನಗ ಕಿವಿ ಕೇಳೂದಿಲ್ಲ, ಹಲ್ಲೂ ಇಲ್ಲ, ನಡೀತೈತೇನು?" ಅಂದ್ಲು. ನತ್ಯಾ ಬಟ್ಟು ಎಣಿಸಿದ. ಊನ ಅಂದ್ರ ಊನಾನ! "ಬಾ ಆಯಿ!" ಅಂತ ಬಿಟ್ಟ.

ಎಲೀಯಪ್ಪನ ಮುಖಾ ಕೆಂಪಾತು. "ಮೊದಲ ನನ್ನ ಬಾಗಲಾ ಮುರದ. ಈಗ ತನ್ನ ಬಾಗಲಾ ಹಾಕ್ತಾನ. ನಡಿ ತಬೀತಾ ಮನಿಗೆ!"

ಸಲೋಮವ್ವ ಹೊಸ್ತಿಲದಾಗ ಕುಂತು ಅತ್ತುಬಿಟ್ಲು. "ನಾ ಸತ್ರ ಇವಂಗ ಯಾರೂ ಇಲ್ರಿ ಎಲೀಯಪ್ಪಾರ. ಪೆದ್ದ ಅದಾನ ಖರೆ, ನಾ ಮುಚ್ಚಿಟ್ಟೆ, ತಪ್ಪು ನಂದು."

ಆವಾಗ ತಬೀತಾ ಹೆಜ್ಜಿ ಮುಂದಿಟ್ಲು. "ನನ್ನ ಒಳಗ ಬಿಡು. ನಾ ಕುರುಡಿ ಅದೀನಿ."

ನತ್ಯಾ ಬಗ್ಗಿ ಆಕಿ ಕಣ್ಣು ನೋಡಿದ. "ಕಣ್ಣು ಛಲೋ ಅದಾವಲ್ಲ?"

"ಛಲೋ ಇದ್ದಿದ್ರ ನಿನ್ನ ಮಾಡಿಕೊಳ್ಳಾಕ ಬರ್ತಿದ್ನೇನು?"

ನತ್ಯಾ ವಿಚಾರ ಮಾಡಿದ. "ಅದೂ ಖರೇನ," ಅಂದು ಕೈ ತಗದ.

"ಬಾ ತಂಗಿ, ನನ್ನ ಬಾಜೂಕ ಜಾಗಾ ಐತಿ!" ಅಂತ ಪೇಟಿ ಅಜ್ಜ ಒಳಗಿಂದ ಕೂಗಿದ. ಓಣಿಗೆ ಓಣೀನ ನಕ್ಕಿತು.

ತಬೀತಾ ಹೊಸ್ತಿಲ ಒಳಗ ನಿಂತು ಅಪ್ಪಗ ಹೇಳಿದ್ಲು, "ಏಳು ಮಂದಿ ಬಂದಿದ್ರು ಅಪ್ಪಾ, ಏಳೂ ಮಂದಿ ಶಾಣ್ಯಾರು. ಒಬ್ಬಾಂವ ಇಲ್ಲದ ನೌಕರಿ ಹೇಳಿದ, ಒಬ್ಬಾಂವ ಇದ್ದ ಹೆಂಡ್ತೀನ ಮುಚ್ಚಿಟ್ಟ. ಇಂವ ಬಾಗಲಾ ಮುರದು, ನಾನ ಮುರದೆ ಅಂತ ಬೆನ್ನು ಕೊಟ್ಟು ನಿಂತ. ನನಗ ಇಂವ ಸಾಕು."

ಎಲೀಯಪ್ಪ ಕಡೀಗೆ ಕಣ್ಣು ಒರಿಸಿಕೊಂಡು ನತ್ಯಾನ ಮುಂದ ಬಂದ. "ಇದ್ದಾಕಿ ಒಬ್ಬಾಕಿ ಮಗಳು. ಆಕೀನೂ ಕೊಟ್ಟ ಮ್ಯಾಲೆ ನನಗಿಂತ ಬಡವ ಯಾರದಾನೋ? ಬಿಡು ಒಳಗ."

"ಬರ್ರಿ ಮಾವಾ!"

ಉಳದವರು ಅಯ್ನೋರೊಬ್ಬರ. ಕಾಲು ಗಟ್ಟಿ, ಕಣ್ಣು ಗಟ್ಟಿ, ಸುಳ್ಳು ಹೇಳಾಕ ಬರೂದಿಲ್ಲ. ನತ್ಯಾ ಕೈ ಮುಗದು ಬಾಗಲಾ ಹಾಕಿದ. ಪಾಪ, ಅಯ್ನೋರು ಬಿಸಲಾಗ ನಿಂತು ಕಿಟಕ್ಯಾಗ ಮುಖಾ ಇಟ್ಟು ಊಟದ ಪ್ರಾರ್ಥನಾ ಮಾಡಿದ್ರು. ಒಳಗಿಂದ ಮಾಂಸದ ಸಾರಿನ ವಾಸನಿ ಬಂತು. ಸಿಟ್ಟಿಗೆದ್ದು ಮೆಟ್ಟಲಾ ಒದ್ದರು. ಹೆಬ್ಬಟ್ಟಿಗೆ ಕಲ್ಲು ಬಡೀತು. "ಅಯ್ಯಯ್ಯಪ್ಪೋ!" ಅಂತ ಒಂಟಿ ಕಾಲಲೆ ಕುಣಿದ್ರು.

ಬಾಗಲಾ ಧಡ್ ಅಂತ ತೆರೀತು. "ಈಗ ಬರ್ರಿ ಅಯ್ನೋರ! ಕುಂಟರಿಗೆ ಜಾಗಾ ಐತಿ!"

ಸಲೋಮವ್ವ ಮಗನ ಮ್ಯಾಲೆ ಸೌಟು ಎತ್ತಿದ್ಲು. ತಬೀತಾ ಅದನ್ನ ಮೆಲ್ಲಕ ಕಸಗೊಂಡ್ಲು. "ಇರ್ಲಿ ಅತ್ತಿ. ಇನ್ನ ಮ್ಯಾಲೆ ಬೈಯೂ ಪಾಳೆ ನಂದು." ತಿರುಗಿ ನತ್ಯಾಗ ಅಂದ್ಲು, "ಸಾಕು ನಿನ್ನ ಶಾಣ್ಯಾತನ! ಬಂದವರು ಮೊದಲ ಉಣ್ಣಲಿ. ನೀ ಎಲ್ಲಾರಿಗಿಂತ ಕಡೀಗೆ ಹೋಗಿ ಕೂಡ್ರು. ತಿಳೀತೇನು?"

"ತಿಳೀತು!"

ಪಡಸಾಲಿ ಕಡೀಗೆ ಹೋದ, ಕಟ್ಟಿ ಮ್ಯಾಲೆ ಮಂದಿ ಇದ್ರು. ಕಟ್ಟಿ ಕಡೀಗೆ ಹೋದ, ಓಣ್ಯಾಗ ಮಂದಿ ಇದ್ರು. ಎಲ್ಲಿ ಕುಂತ್ರೂ ಅವನ ಹಿಂದ ಒಬ್ಬರು! ನಡದ, ನಡದ, ನಡದ. ಓಣಿ ದಾಟಿ, ಊರು ದಾಟಿ, ಇನ್ನ ಮುಂದ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬಟಾಬಯಲಾಗ ಒಂದು ಕಲ್ಲಿನ ಮ್ಯಾಲೆ ಕುಂತ. ತನ್ನ ನಿಶ್ಚಯದ ದಿನಾ!

ಒಂದು ಕೈಯಾಗ ಹುಗ್ಗಿ ತಾಟು, ಇನ್ನೊಂದು ಕೈಯಾಗ ಸೌಟು ಹಿಡಕೊಂಡು ತಬೀತಾ ಊರು ಕೇಳೂವಂಗ ಬೈಕೋತ ಅವನ್ನ ಹುಡಿಕ್ಯಾಡಾಕ ಹೋದ್ಲು. ಸಲೋಮವ್ವ ಕಟ್ಟಿ ಮ್ಯಾಲೆ ನಿಂತು ಆ ಬೈಗಳ ದೂರ ಆಗೂತನಕಾ ಕೇಳಿದ್ಲು. ಆಮ್ಯಾಲೆ ಒಳಗ ಹೋಗಿ, ಎಲ್ಲಾರ ಜೋಡಿ ಕುಂತು ಹೊಟ್ಟಿ ತುಂಬ ಉಂಡ್ಲು.