ಪೂಜೆಯ ದಿನ ಆರುವ ಮಾನಿಟರ್

"ಕೇಳಿರಪ್ಪೋ ಕೇಳಿ. ಅರಮನೆಯ ಮಾನಿಟರ್ ತನ್ನಷ್ಟಕ್ಕೆ ತಾನೇ ಆರುತ್ತಿದೆ. ಯಾಕೆಂದು ಅರಸರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದನ್ನು ಕೊಡುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಅದನ್ನು ಆರಿಸಿದ ಕೈ ಯಾರದೆಂದು ಗೊತ್ತಾದರೆ ಅವರ ತಲೆಯೂ ಹೋಗುತ್ತದೆ" ಎಂದು ಕಗ್ಗೋಟೆಯ ಬೀದಿಬೀದಿಯಲ್ಲಿ ಡಂಗುರ ಸಾರಿದರು.

ಕಗ್ಗೋಟೆಯ ಅರಸ ಉದಯಮಲ್ಲನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಕೋಟೆಯ ನಾಲ್ಕು ಬಾಗಿಲಿಗೂ ಕ್ಯಾಮೆರಾ ಹಾಕಿಸಿ, ಸಿಂಹಾಸನದ ಮುಂದೆ ಕಂಪ್ಯೂಟರ್ ಇಡಿಸಿ, ಹಗಲೆಲ್ಲ ಅದರ ಮಾನಿಟರನ್ನೇ ನೋಡುತ್ತ ಕೂರುತ್ತಿದ್ದ. ಅದು ಆರಿದಾಗಲೆಲ್ಲ ಹಗೆಗಳು ಒಳಗೆ ನುಗ್ಗಿದರೆಂದು ಅವನ ಎದೆ ಧಸಕ್ಕೆನ್ನುತ್ತಿತ್ತು. ಹೆದರಿಕೆ ಹೆಚ್ಚಿದಂತೆ ಅವನ ಕತ್ತಿಗೂ ಕೆಲಸ ಹೆಚ್ಚಿತು.

ಮೊದಲು ಬಂದ ಜೋಯಿಸ ಶನಿಕಾಟವೆಂದ. ನೆರೆರಾಜ್ಯದ ರಾಜಕುಮಾರ, ಯಾರೋ ಮಾಟ ಮಾಡಿಸಿದ್ದಾರೆಂದ. ಅಂಗಡಿ ಸಾಹುಕಾರನೊಬ್ಬ ಮೀಸೆ ತಿರುವುತ್ತ ಹೊಸ ಮಾನಿಟರನ್ನೇ ತಂದಿಟ್ಟ; ಅದೂ ಮಧ್ಯಾಹ್ನದೊಳಗೆ ಆರಿತು. ಮೂವರೂ ಮನೆಗೆ ಮರಳಲಿಲ್ಲ. ಕೊನೆಗೆ ಅರಸನ ಕಣ್ಣು ದಿನಾ ಅದರ ಧೂಳು ಒರೆಸುತ್ತಿದ್ದ ಮಾದಯ್ಯನ ಮೇಲೆ ಬಿತ್ತು. ಅವನನ್ನು ಕಂಬಕ್ಕೆ ಕಟ್ಟಿಸಿ, ನಾಳೆ ಸಂಜೆಯೊಳಗೆ ಒಗಟು ಬಿಡಿಸುವವರು ಬರದಿದ್ದರೆ ಆರಿಸಿದ ಕೈ ಇವನದೇ ಎಂದುಬಿಟ್ಟ.

ಮಾದಯ್ಯನ ತಂಗಿ ಸಣ್ಣತಾಯಿ ಅರಮನೆಗೆ ಹೂವು ಕಟ್ಟುವವಳು. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿ ಬೆಳೆಸಿದವನು ಆ ಅಣ್ಣನೇ. ಮರುದಿನ ಬೆಳಿಗ್ಗೆಯೆಲ್ಲ ಅವಳು ಹೂವಿನ ಬುಟ್ಟಿ ಇಟ್ಟುಕೊಂಡು ಮಾನಿಟರಿನ ಹಿಂದೆ ಕೂತು ನೋಡಿದಳು. ಹೂವಾಡಗಿತ್ತಿಯನ್ನು ಯಾರು ಗಮನಿಸುತ್ತಾರೆ? ಮಧ್ಯಾಹ್ನ ಎದ್ದು ಅರಸನ ಮುಂದೆ ನಿಂತು, ಒಗಟು ಬಿಡಿಸುತ್ತೇನೆಂದಳು.

ಸಭೆ ಖಾಲಿಯಿದ್ದಾಗ ಮಾನಿಟರ್ ನೆಟ್ಟಗಿರುತ್ತದೆ, ಜನ ತುಂಬಿದಾಗ ಆರುತ್ತದೆ, ಅದಕ್ಕೆ ಯಾರನ್ನು ಕಂಡರೆ ಆಗದು ಎಂದು ಅರಸ ಮೊದಲ ಒಗಟು ಹಾಕಿದ. ಯಾರ ಮೇಲೂ ಸಿಟ್ಟಿಲ್ಲ ಎಂದಳು ಸಣ್ಣತಾಯಿ. ನೆಲ ಹಲಗೆಯದು, ಜನ ಓಡಾಡಿದರೆ ಅದುರುತ್ತದೆ, ಮಾನಿಟರಿನ ಬೆನ್ನಿಗೆ ಚುಚ್ಚಿದ ವೈರು ಸಡಿಲವಾಗಿದೆ. ಅವಳು ವೈರನ್ನು ಒತ್ತಿ ಕೂರಿಸಿದ ಮೇಲೆ ಸಭೆಯವರೆಲ್ಲ ಕಾಲು ಅಪ್ಪಳಿಸಿದರೂ ಪರದೆ ಆರಲಿಲ್ಲ.

"ಪೂಜೆಯ ದಿನವೇ ಹೆಚ್ಚು ಆರುತ್ತದೆ," ಎಂದ ಅರಸ. "ಕೈಮುಗಿದಷ್ಟೂ ಮುನಿಯುವ ಇದು ಎಂಥ ದೇವರು?"

ಉತ್ತರ ಸಣ್ಣತಾಯಿಗೆ ಗೊತ್ತಿತ್ತು. ಹೇಳದಿದ್ದರೆ ಅಣ್ಣನ ತಲೆ, ಹೇಳಿದರೆ ತನ್ನದು. ಮಾದಯ್ಯ ಕಂಬದಿಂದಲೇ ಬೇಡ ಎಂದು ತಲೆಯಾಡಿಸಿದ.

"ನನ್ನ ಹಾರ ಬುದ್ದಿ," ಎಂದಳು. "ಅದರ ಬೆನ್ನಲ್ಲಿ ಸಣ್ಣ ಸಣ್ಣ ತೂತವೆ. ಒಳಗಿನ ಬಿಸಿ ಅಲ್ಲಿಂದ್ಲೇ ಆಚೆ ಹೋಗ್ಬೇಕು. ಪೂಜೆ ದಿನ ನಾನು ಕಟ್ಟಿದ ಚೆಂಡುಹೂವಿನ ಹಾರ ಅವನ್ನೆಲ್ಲ ಮುಚ್ಚುತ್ತೆ. ಕುಂಕುಮ, ವಿಭೂತಿ ಬೇರೆ ಮೆತ್ಕೊಂಡದೆ. ಕಾದು ಕಾದು ಆರೋಯ್ತದೆ."

"ಹಾಗಾದರೆ ಆರಿಸಿದ ಕೈ ನಿನ್ನದು," ಎಂದು ಅರಸ ಕತ್ತಿ ಹಿರಿದ.

"ಇನ್ನೊಂದು ಒಗಟು ಬಾಕಿ ಅದೆ ಬುದ್ದಿ."

ಅರಸ ಹಲ್ಲು ಕಚ್ಚಿ ಮೂರನೆಯದನ್ನು ಹಾಕಿದ. ನಾನು ಅಲುಗಾಡದೆ ನೋಡುತ್ತ ಕೂತರೆ ಆರುತ್ತದೆ, ಸಿಟ್ಟು ಬಂದು ಮೇಜು ಗುದ್ದಿದರೆ ಹೊತ್ತಿಕೊಳ್ಳುತ್ತದೆ. ಅದು ನನಗೆ ಹೆದರುತ್ತದೆಯೆ ಎಂದ.

ಸಣ್ಣತಾಯಿ ಬೆಳಗಿನ ಪೂಜೆಯಲ್ಲಿ ಮಾನಿಟರಿಗೆ ಹಾಕಿದ್ದ ಹಾರ ತೆಗೆದು, ತೂತುಗಳನ್ನು ಸೆರಗಿನಿಂದ ಒರೆಸಿ, ಯಾರೂ ಏನನ್ನೂ ಮುಟ್ಟಬಾರದೆಂದಳು. ಸಭೆ ಉಸಿರು ಬಿಗಿಹಿಡಿದು ಕೂತಿತು. ಹತ್ತು ನಿಮಿಷಕ್ಕೆ ಸರಿಯಾಗಿ ಪರದೆ ಕಪ್ಪಾಯಿತು. ಅವಳು ಒಂದೇ ಬೆರಳಲ್ಲಿ ಮೌಸನ್ನು ಸರಿಸಿದಳು, ಹೊತ್ತಿಕೊಂಡಿತು.

"ಹತ್ತು ನಿಮಿಷ ಯಾರೂ ಮುಟ್ಟದಿದ್ರೆ ಮಲಗು ಅಂತ ಅದಕ್ಕೆ ಅಪ್ಪಣೆ ಅದೆ. ನೀವು ಮೇಜು ಗುದ್ದಿದಾಗ ಮೌಸು ಅಲುಗುತ್ತೆ, ಅದು ಏಳುತ್ತೆ. ಆ ಅಪ್ಪಣೆ ಕೊಟ್ಟ ಕೈ ಯಾರ್ದು ಬುದ್ದಿ?"

ಕಂಪ್ಯೂಟರ್ ಬಂದ ದಿನ ಅದನ್ನೆಲ್ಲ ಹೊಂದಿಸಿದ್ದು ಅರಸನೇ. ಆ ಹೊಂದಿಕೆಯನ್ನು ಬೇರೆ ಯಾರೂ ಬದಲಿಸಬಾರದೆಂದು ಆಗಲೇ ಕಟ್ಟುನಿಟ್ಟು ಮಾಡಿದ್ದ. ಮಂತ್ರಿಗಳು ನೆಲ ನೋಡಿದರು. ಅರಸ ತನ್ನ ಕೈಯನ್ನೇ ನೋಡಿಕೊಂಡ.

"ನನ್ನದು," ಎಂದ. ಕತ್ತಿಯನ್ನು ನೆಲಕ್ಕಿಟ್ಟು, ಏನು ಬೇಕೆಂದು ಕೇಳಿದ.

ಅಣ್ಣನ ಕಟ್ಟು ಬಿಚ್ಚಿಸಿ ಎಂದಳು. ಬಿಚ್ಚಿದರು. ಅರಸ ಅದರ ಜೊತೆಗೆ ಒಂದು ಊರನ್ನೂ ಉಂಬಳಿ ಬರೆದುಕೊಟ್ಟ. ಅಣ್ಣನ ತೋಳು ಹಿಡಿದು ಅವಳು ಹೊಸಿಲು ದಾಟುವಾಗ ಅರಸ ಹಿಂದಿನಿಂದ ಕೇಳಿದ.

"ಹಾಗಾದರೆ ಸತ್ತುಹೋದ ಆ ಮೂವರು?"

ಸಣ್ಣತಾಯಿ ನಿಂತಳು. "ಅದನ್ನ ನನ್ನ ಕೇಳ್ಬೇಡಿ ಬುದ್ದಿ," ಎಂದು ಹೇಳಿ, ಅಣ್ಣನನ್ನು ಕರೆದುಕೊಂಡು ಹೊರಟುಹೋದಳು.