ತಿಗಣೆಯಿಲ್ಲದ ವಠಾರ

"ಬುದ್ಧೀ, ಮನೆ ನನ್ನದು ಸರಿ. ಅದರೊಳಗಿನ ತಿಗಣೆಯೂ ನನ್ನದೇ?"

ಹೀಗೆ ಕೇಳಿದವನು ಶಾಂತಮಲ್ಲಪ್ಪ, ಮಠದ ಹಳೆಯ ಶಿಷ್ಯ. ಪೇಟೆಯಲ್ಲಿ ಅವನಿಗೊಂದು ವಠಾರವಿತ್ತು. ಅಲ್ಲಿ ಬಾಡಿಗೆಗಿದ್ದ ಒಬ್ಬಾತ ಹಿಂದಿನ ದಿನ ಬೆಂಕಿಪೊಟ್ಟಣದಲ್ಲಿ ನಾಲ್ಕು ತಿಗಣೆ ತಂದು ತೋರಿಸಿ, ಗೋಡೆಯ ಬಿರುಕು ಮುಚ್ಚಿಸಿ ಮದ್ದು ಹೊಡೆಸಿಕೊಡಿ ಎಂದು ಕೇಳಿದ್ದ. ಶಾಂತಮಲ್ಲಪ್ಪ ಅವನಿಗೆ ಮನೆ ಖಾಲಿ ಮಾಡು ಎಂದಿದ್ದ. ಅಂದ ಮೇಲೆ ಯಾಕೋ ಸಮಾಧಾನವಾಗದೆ ಮಠಕ್ಕೆ ಬಂದಿದ್ದ.

ಸ್ವಾಮಿಗಳು ವಯಸ್ಸಾದವರು, ಮುಂಗೋಪಿ. "ಕೂತ್ಕೋ," ಎಂದರು. "ಒಬ್ಬ ವರ್ತಕನ ಕತೆ ಹೇಳುತ್ತೇನೆ. ಮುಗಿಯುವತನಕ ನಡುವೆ ಬಾಯಿ ಹಾಕಬೇಡ."

ಒಬ್ಬ ವರ್ತಕನಿದ್ದ. ಎಂಟು ಮನೆಯ ವಠಾರ ಕಟ್ಟಿಸಿದ್ದ. ಹೇಗೆ ಕಟ್ಟಿಸಿದ್ದ ಅಂತೀಯ? ಎರಡು ಮನೆಗಳ ನಡುವೆ ಒಂದೇ ಗೋಡೆ, ಅದೂ ಮಣ್ಣಿನದು. ಮೂರು ಬೇಸಗೆ ಕಳೆಯುವುದರೊಳಗೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಮೆತ್ತಿಸಿದನೇ ಪುಣ್ಯಾತ್ಮ? ಇಲ್ಲ. ಆ ಬಿರುಕುಗಳಲ್ಲಿ ತಿಗಣೆ ಸಂಸಾರ ಹೂಡಿತು. ಒಂದು ಮನೆಯಲ್ಲಿ ಓಡಿಸಿದರೆ ಪಕ್ಕದ ಮನೆಗೆ ಹೋಗುತ್ತಿತ್ತು, ನಾಲ್ಕು ದಿನ ಬಿಟ್ಟು ವಾಪಸು ಬರುತ್ತಿತ್ತು.

ಅದಕ್ಕೆ ವಠಾರದ ಹೆಂಗಸರು ತಾವೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಅಮಾವಾಸ್ಯೆ ಕಳೆದ ಮಾರನೆಯ ದಿನ ಎಂಟೂ ಮನೆಯವರು ಮಂಚ, ಹಾಸಿಗೆ, ಚಾಪೆ ಎಲ್ಲವನ್ನೂ ಅಂಗಳಕ್ಕೆ ತರುವರು. ಮಂಚವನ್ನು ಕಲ್ಲಿಗೆ ಕುಟ್ಟುವರು. ಸಂದುಗಳಿಗೆ ಕುದಿಯುವ ನೀರು ಹುಯ್ಯುವರು. ಸಂಜೆಯವರೆಗೆ ಬಿಸಿಲಿಗೆ ಬಿಡುವರು. ಯಾರಿಗೂ ನಾಚಿಕೆಯಿರಲಿಲ್ಲ. ಎಲ್ಲರ ಮನೆ ದೋಸೆಯೂ ತೂತೇ ತಾನೆ? ತಿಗಣೆ ಪೂರ್ತಿ ಹೋಗುತ್ತಿರಲಿಲ್ಲ, ಆದರೆ ಮಕ್ಕಳು ಮಲಗಿ ನಿದ್ದೆ ಮಾಡುವಷ್ಟಾಗುತ್ತಿತ್ತು.

ಒಂದು ಸಲ ಅದೇ ದಿನ ವರ್ತಕ ಹೊಸ ಬಾಡಿಗೆಯವನೊಬ್ಬನನ್ನು ಕರೆದುಕೊಂಡು ಬಂದ. ಒಂದು ಮನೆ ಖಾಲಿಯಾಗುವುದಿತ್ತು. ಬಂದವನು ಅಂಗಳದ ಮಂಚಗಳನ್ನು ನೋಡಿದ, ಹಬೆಯಾಡುವ ಕೊಡಗಳನ್ನು ನೋಡಿದ, ಬಾಗಿಲಿನಿಂದಲೇ ಹಿಂದಕ್ಕೆ ಹೋದ. ವರ್ತಕನಿಗೆ ಸಿಟ್ಟು ನೆತ್ತಿಗೇರಿತು. ಎಲ್ಲರನ್ನೂ ನಿಲ್ಲಿಸಿ ಹೇಳಿದ: "ಇನ್ನು ಮೇಲೆ ಯಾರ ಮನೆಯಲ್ಲಿ ತಿಗಣೆ ಕಾಣುತ್ತದೋ ಅವರು ಎಂಟು ದಿನದೊಳಗೆ ಖಾಲಿ ಮಾಡಬೇಕು. ತಂದವರೇ ಹೊತ್ತುಕೊಂಡು ಹೋಗಲಿ."

ಕೊನೆಯ ಮನೆಯಲ್ಲಿ ಹೂ ಕಟ್ಟಿ ಮಾರುವ ಮುದುಕಿಯೊಬ್ಬಳಿದ್ದಳು. ಅವಳೊಬ್ಬಳೇ ಎದುರು ಮಾತಾಡಿದಳು. "ತಿಗಣೆ ನನ್ನ ಚಾಪೆಯಲ್ಲಿ ಹುಟ್ಟಿದ್ದಲ್ಲ ಯಜಮಾನರೇ, ನಿಮ್ಮ ಗೋಡೆಯಲ್ಲಿದೆ. ಬಿರುಕು ಮೆತ್ತಿಸಿ ಸುಣ್ಣ ಹೊಡೆಸಿ. ಎಂಟೂ ಮನೆಗೆ ಒಂದೇ ದಿನ ಮದ್ದು ಹೊಡೆಸಿ. ನಿದ್ದೆ ಮಾಡಲಾಗದ ಮನೆಗೆ ಬಾಡಿಗೆ ಯಾತಕ್ಕೆ ಕೊಡಬೇಕು?"

ಸರಿಯಾಗಿಯೇ ಕೇಳಿದಳು. ಎಂಟನೆಯ ದಿನ ಅವಳ ಬುಟ್ಟಿ, ಚಾಪೆ ಬೀದಿಯಲ್ಲಿದ್ದವು. ಉಳಿದ ಏಳು ಮನೆಯವರು ಬಾಗಿಲ ಸಂದಿಯಿಂದ ನೋಡಿದರು.

ಮುಂದಿನ ಅಮಾವಾಸ್ಯೆ ಕಳೆಯಿತು. ಅಂಗಳಕ್ಕೆ ಒಂದು ಚಾಪೆಯೂ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ವರ್ತಕ ಮೀಸೆ ತಿರುವಿದ. ದಂಡಂ ದಶಗುಣಂ ಎಂದು ನೆಂಟರಿಷ್ಟರ ಮುಂದೆಲ್ಲ ಹೇಳಿಕೊಂಡ. ದಡ್ಡ! ತಿಗಣೆಗೆ ಇವನ ಅಪ್ಪಣೆ ಕೇಳಿಸುತ್ತದೆಯೇ? ಮನುಷ್ಯರಿಗೆ ಕೇಳಿಸಿತ್ತು, ಅವರು ಸುಮ್ಮನಾಗಿದ್ದರು. ಬಿಸಿಲು ಕಾಣದ ಹಾಸಿಗೆಗಳಲ್ಲಿ ತಿಗಣೆ ಹತ್ತಕ್ಕೆ ನೂರಾಯಿತು. ಹೆಂಗಸರು ನೀರಿನ ಕೊಳಾಯಿಯ ಹತ್ತಿರ ಕೈ ತುರಿಸಿಕೊಳ್ಳುತ್ತ ನಿಲ್ಲುವರು. "ಇದೇನು?" ಎಂದರೆ "ಬೆವರುಸಾಲೆ" ಎನ್ನುವರು. ಕೇಳಿದವಳೂ ತನ್ನ ಕೈ ಸೆರಗಿನಲ್ಲಿ ಮುಚ್ಚಿಕೊಂಡು, "ಹೌದಮ್ಮ, ಈ ಸಲ ಸೆಕೆ ಜಾಸ್ತಿ" ಎನ್ನುವಳು.

ಮೂರನೆಯ ಮನೆಯಲ್ಲಿ ಒಬ್ಬ ದರ್ಜಿಯಿದ್ದ. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು ಹೆರಿಗೆಗೆ ಬಂದು ಗಂಡು ಕೂಸು ಹೆತ್ತಿದ್ದಳು. ಎರಡು ತಿಂಗಳ ಕೂಸು. ಬೆನ್ನು, ತೊಡೆ, ಕಿವಿಯ ಹಿಂದೆ ಎಲ್ಲ ಕೆಂಪು ದದ್ದು. ಅತ್ತು ಅತ್ತು ಅದರ ಗಂಟಲು ಒಡೆದಿತ್ತು. ತೊಟ್ಟಿಲ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟು ನೋಡಿದರು. ತಿಗಣೆ ಸೂರಿಗೆ ಹತ್ತಿ ಮೇಲಿನಿಂದ ಬಿತ್ತು. ಮಗಳು ಅಪ್ಪನ ಮುಖ ನೋಡಿ ಅಳುತ್ತಿದ್ದಳು. ಯಜಮಾನನಿಗೆ ಹೇಳೋಣವೆಂದರೆ ಹಸಿ ಬಾಣಂತಿಯನ್ನು ಕಟ್ಟಿಕೊಂಡು ಬೀದಿಗೆ ಹೋಗುವುದು ಹೇಗೆ? ಅವನ ಎದೆ ಒಡೆದುಹೋಗಿತ್ತು, ಶಾಂತಮಲ್ಲಪ್ಪ. ಆದರೂ ಬಾಯಿ ಬಿಡಲಿಲ್ಲ.

ಯಾರೋ ಒಂದು ದಾರಿ ಹೇಳಿಕೊಟ್ಟರು. ಗೋದಾಮಿನಲ್ಲಿ ಕಾಳಿನ ಮೂಟೆಗೆ ಹುಳ ಬೀಳದಂತೆ ಇಡುವ, ವಿಷದ ಗಾಳಿ ಬಿಡುವ ಗುಳಿಗೆ. ದರ್ಜಿ ಕದ್ದು ತಂದವನ ಹಾಗೆ ಅದನ್ನು ಜೇಬಿನಲ್ಲಿಟ್ಟುಕೊಂಡು ತಂದ. ಎರಡು ದಿನ ಮನೆಯಲ್ಲಿ ಯಾರೂ ಇರಬಾರದು ಎಂದು ಕೊಟ್ಟವನು ಹೇಳಿದ್ದ. ಇವನು ಯೋಚಿಸಿದ. ಮಗಳನ್ನೂ ಕೂಸನ್ನೂ ಹೊರಗೆ ಕರೆದುಕೊಂಡು ಹೋದರೆ ಯಾಕೆಂದು ಕೇಳುವರು. ಕಿಟಕಿ ತೆರೆದಿಟ್ಟರೆ ವಾಸನೆಯೇ ಗುಟ್ಟು ರಟ್ಟು ಮಾಡುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಗುಳಿಗೆಗಳನ್ನು ಮಂಚದ ಕೆಳಗಿಟ್ಟ. ಕಿಟಕಿಯ ಸಂದಿಗೆ, ಗೋಡೆಯ ಬಿರುಕಿಗೆ ಬಟ್ಟೆಯ ಚೂರು ತುರುಕಿದ. "ಸ್ವಲ್ಪ ಸಹಿಸಿಕೋ ತಾಯಿ, ಸಂಜೆಯೊಳಗೆ ಬಂದು ತೆಗೆಯುತ್ತೇನೆ" ಎಂದು ಬಾಗಿಲೆಳೆದುಕೊಂಡು ಅಂಗಡಿಗೆ ಹೋದ.

ಪಕ್ಕದ ಮನೆಯವರಿಗೆ ವಾಸನೆ ಬಂತು. ಏನೆಂದು ಗೊತ್ತಾಯಿತು ಕೂಡ. ಕೇಳಲು ಹೋದರೆ ತಮ್ಮ ಮನೆಯ ಮಾತೂ ಹೊರಬೀಳುತ್ತದಲ್ಲ ಎಂದು ತಮ್ಮ ಬಾಗಿಲು ಹಾಕಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ದರ್ಜಿ ಬಂದು ಬಾಗಿಲು ತೆಗೆದ. ಮಗಳು ಉಳಿದಳು. ಕೂಸು ಉಳಿಯಲಿಲ್ಲ.

ಸ್ವಾಮಿಗಳು ಇಲ್ಲಿ ಶಿಷ್ಯನ ಕಡೆ ನೋಡಿದರು. ಶಾಂತಮಲ್ಲಪ್ಪ ಶಲ್ಯದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದ. "ಕೇಳು, ಇನ್ನೂ ಮುಗಿದಿಲ್ಲ," ಎಂದರು.

ಸುದ್ದಿ ಕೇಳಿ ವರ್ತಕ ಓಡಿಬಂದ. ಅವನೇನು ರಾಕ್ಷಸನಲ್ಲ, ಮಕ್ಕಳೊಂದಿಗ. ಕೂಸನ್ನು ನೋಡಿ ಗೊಳೋ ಎಂದು ಅತ್ತ. ದರ್ಜಿಯ ಎರಡೂ ಕೈ ಹಿಡಿದುಕೊಂಡ. "ಅಯ್ಯೋ, ನನಗೊಂದು ಮಾತು ಹೇಳಬಾರದಿತ್ತೇ? ಎಂಟೂ ಮನೆಗೆ ನಾನೇ ಮದ್ದು ಹೊಡೆಸಿಕೊಡುತ್ತಿದ್ದೆನಲ್ಲ!"

ದರ್ಜಿ ಕೈ ಬಿಡಿಸಿಕೊಂಡು ಮುಗಿದ. "ಎಂಟು ದಿನ ಬೇಡ, ಯಜಮಾನರೇ. ಕೂಸನ್ನು ಮಣ್ಣು ಮಾಡಿ ಬಂದು ನಾಳೆಯೇ ಖಾಲಿ ಮಾಡುತ್ತೇವೆ."

ಸ್ವಾಮಿಗಳ ಕತೆ ಅಲ್ಲಿಗೆ ನಿಂತಿತು. ಶಾಂತಮಲ್ಲಪ್ಪ ಬೆರಳಿಗೆ ಸುತ್ತಿದ್ದ ಶಲ್ಯದ ತುದಿಯನ್ನು ಬಿಡಿಸಿದ. ಮೆಲ್ಲಗೆ ಹೇಳಿದ:

"ಆದರೆ ಬುದ್ಧೀ, ಅಷ್ಟು ಮನೆಯಲ್ಲಿ ತಿಗಣೆ ತುಂಬಿರುವುದು ಆ ವರ್ತಕನಿಗೆ ಗೊತ್ತೇ ಇರಲಿಲ್ಲವಲ್ಲ. ಯಾರೂ ಹೇಳಲಿಲ್ಲವಲ್ಲ."

"ಬಾಯಿ ಬಿಟ್ಟವರಿಗೆ ಬಾಗಿಲು ತೋರಿಸುವವನಿಗೆ ಯಾರು ಹೇಳುತ್ತಾರಯ್ಯಾ?"